ಎಂಟು ಅಂದರೆ ಯಾರ ಎಂಟು?

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಇನ್‌ಸ್ಪೆಕ್ಟರ್ ನಾನು. ಚಾಮರಾಜಪೇಟೆಯಿಂದ ಮಲ್ಲೇಶ್ವರದವರೆಗೆ ನಾನು ಮುದ್ರೆ ಒತ್ತದ ತಕ್ಕಡಿಯಿಲ್ಲ, ನನ್ನನ್ನು ಕಂಡು ಬೆವರದ ತರಕಾರಿ ಅಂಗಡಿಯಿಲ್ಲ. ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಡಬ್ಬಿ ಹಿಡಿದು ನಿಂತೆನೆಂದರೆ ಪೈಪು ತಾನಾಗಿಯೇ ನಿಜ ಹೇಳಲು ಶುರುಮಾಡುತ್ತದೆ. ಹೀಗೆ ಇಡೀ ಊರನ್ನು ಅಳತೆಯಲ್ಲಿಟ್ಟ ನನಗೆ, ನನ್ನ ಸ್ವಂತ ಪಾದದ ನಂಬರು ಎಷ್ಟೆಂದು ಮಾತ್ರ ಇವತ್ತಿಗೂ ಗೊತ್ತಿಲ್ಲ!

ತಪ್ಪು ಪಾದದ್ದಲ್ಲ. ಅದು ಮದುವೆಯಾದಾಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ. (ಹೊಟ್ಟೆಯ ಬಗ್ಗೆ ಈ ಮಾತು ಹೇಳಲಾರೆ.) ಆದರೆ ಆಫೀಸಿಗೆ ಹಾಕುವ ಕಪ್ಪು ಶೂ ಏಳು, ಲಾಲ್‌ಬಾಗಿಗೆ ಹಾಕುವ ಬಿಳಿ ಶೂ ಒಂಬತ್ತು, ಚಪ್ಪಲಿ ನಲವತ್ತೆರಡು. ಅಂಗಿಯ ಕಥೆಯೂ ಅದೇ. ಒಂದು ಕಂಪನಿಗೆ ನಾನು ಎಲ್, ಪಕ್ಕದ ಕಂಪನಿಗೆ ಡಬಲ್ ಎಕ್ಸೆಲ್. ಗಾಂಧಿ ಬಜಾರಿನ ಒಂದೇ ರಸ್ತೆಯಲ್ಲಿ, ಅರ್ಧ ಗಂಟೆಯಲ್ಲಿ, ನಾನು ಎರಡು ಸೈಜು ಊದಿಕೊಂಡೆ. ನಡುವೆ ತಿಂದದ್ದು ಒಂದು ಮಸಾಲೆ ದೋಸೆ ಅಷ್ಟೇ.

“ಒಂದು ಕೆಜಿ ಅಂದ್ರೆ ಎಲ್ಲಾ ಅಂಗಡೀಲೂ ಒಂದೇ ಕೆಜಿ ಕಣೇ. ಈ ಎಂಟು ಅನ್ನೋದು ಮಾತ್ರ ಯಾಕೆ ಅಂಗಡಿಗೊಂದು?” ಎಂದು ಹೆಂಡತಿ ಮಹಾನಂದಳ ಮುಂದೆ ಗುಡುಗಿದೆ.

“ಎಲ್ಲರಿಗೂ ನೋಟಿಸ್ ಕೊಟ್ಬಿಡಿ. ಅಲ್ಲೀವರೆಗೂ ಬರಿಗಾಲಲ್ಲಿ ಓಡಾಡ್ತಿರಿ,” ಎಂದು ಅವಳು ಸೊಪ್ಪು ಬಿಡಿಸುತ್ತಾ ಹೇಳಿದಳು.

ಇಷ್ಟರಲ್ಲೇ ಮುಗಿದಿದ್ದರೆ ಇದು ನನ್ನೊಬ್ಬನ ಪಾದದ ಗೋಳಾಗಿ ಉಳಿಯುತ್ತಿತ್ತು. ಆದರೆ ಮಗಳು ಸಾನ್ವಿಯ ನಿಶ್ಚಿತಾರ್ಥ ನಿಗದಿಯಾಯಿತು. ಹುಡುಗ ತ್ಯಾಗರಾಜನಗರದ ನಿರಂಜನ್. ಅವನ ತಂದೆ ಏಕಾಂತಯ್ಯನವರದು ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳ ಹಳೆಯ ಅಂಗಡಿ. ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ: ಹುಡುಗ ಅವತ್ತು ಹೆಣ್ಣಿನ ಮನೆಯವರು ಕೊಟ್ಟ ಶೂ ಹಾಕಿಕೊಂಡೇ ಛತ್ರದ ಬಾಗಿಲಿನಿಂದ ವೇದಿಕೆಯವರೆಗೆ ನಡೆದು ಬರಬೇಕು. ಸಾಮಾನ್ಯ ಜನ ಹುಡುಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಕಾಲಿಗೆ ಹಾಕಿಸಿ ನೋಡಿ ಕೊಡಿಸುತ್ತಾರೆ. ನಾನು ಸಾಮಾನ್ಯ ಜನವೇ?

ಏಕಾಂತಯ್ಯನವರಿಗೆ ಫೋನ್ ಮಾಡಿ ಘೋಷಿಸಿದೆ. “ಹುಡುಗನ್ನ ಅಂಗಡಿ ಅಂಗಡಿ ಅಲೆಸೋದು ಬೇಡ ಬೀಗರೇ. ಅಳತೆ ನನಗೆ ಬಿಡಿ. ಒಂದು ನೂಲು ಹೆಚ್ಚುಕಮ್ಮಿ ಆದ್ರೆ ನಾಳೆಯಿಂದ ಇಲಾಖೆ ಮುದ್ರೆ ಮುಟ್ಟಲ್ಲ ನಾನು.”

“ಆಗ್ಲಿ ಬೀಗರೇ, ನಿಮಗಿಂತಾನಾ?” ಎಂದರು ಅವರು.

ನಂಬರೊಂದು ಇರಲಿ ಎಂದು ನಿರಂಜನ್‌ನನ್ನು ಕೇಳಿದೆ. “ಎಂಟು ಮಾವ,” ಎಂದ. ನನಗೆ ಸಂತೋಷವಾಯಿತು. “ಒಂದೊಂದ್ಸಲ ಏಳು,” ಎಂದ. ಸಂತೋಷ ಇಳಿಯಿತು. “ಮಾಲಲ್ಲಿ ತಗೊಳ್ಳೋದಾದ್ರೆ ಒಂಬತ್ತೇ ಸೇಫು,” ಎಂದ.

ಎಂಟು ಅಂದರೆ ಯಾರ ಎಂಟು ಸ್ವಾಮಿ? ಆ ಕ್ಷಣವೇ ನಿರ್ಧರಿಸಿದೆ: ನಂಬರನ್ನು ನಂಬುವುದಿಲ್ಲ, ಸೆಂಟಿಮೀಟರನ್ನು ಮಾತ್ರ ನಂಬುತ್ತೇನೆ. ಹಾಗೆಂದು ಅಳಿಯನಾಗುವವನ ಮುಂದೆ ಟೇಪು ಹಿಡಿದು ಕಾಲು ಚಾಚು ಎನ್ನಲಾದೀತೇ? ಮದುವೆಯ ದಿನ ಹೇಗೂ ಅವನ ಕಾಲು ತೊಳೆಯುವುದಿದೆ, ಮುಂಗಡವಾಗಿ ಹಿಡಿಯುವುದು ನನ್ನ ಘನತೆಗೆ ಸರಿಯೆನಿಸಲಿಲ್ಲ. ಉಪಾಯ ಹೊಳೆಯಿತು. ಕಾಲು ಬೇಡ, ಕಾಲು ಬಿಟ್ಟು ಬಂದ ಶೂ ಸಾಕು!

ಮುಂದಿನ ಭಾನುವಾರ ತಂದೆ ಮಗ ಇಬ್ಬರನ್ನೂ ತಿಂಡಿಗೆ ಕರೆದೆವು. ಬಂದವರು ಬಾಗಿಲಾಚೆ ಪಾದರಕ್ಷೆ ಬಿಟ್ಟು, ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದುಕೊಂಡರು. ಬೀಗರಿಗೆ ಜೊತೆಯಾಗಲಿ ಎಂದು ನಾನೂ ತೊಳೆದುಕೊಂಡೆ. ನಮ್ಮದು ಹಳೆಯ ಕೆಂಪು ಗಾರೆಯ ನೆಲ, ಒದ್ದೆಯಾದರೆ ಜಾರುತ್ತದೆ. ಮಹಾನಂದ ಹೊಸ್ತಿಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಳೆಯಂತೆ ಪೇಪರ್ ಹಾಸುತ್ತಿದ್ದಳು.

“ಇವತ್ತಿನ ಪೇಪರ್ ಕಣೇ ಅದು. ನನ್ನ ಪದಬಂಧ ಅರ್ಧಕ್ಕೆ ನಿಂತಿದೆ,” ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ.

“ಬೀಗರು ಜಾರಿ ಬೀಳೋದಕ್ಕಿಂತ ಅದೇ ದೊಡ್ಡದಾ? ಸುಮ್ನೆ ಬನ್ನಿ,” ಎಂದಳು.

ಎಲ್ಲರೂ ಉಪ್ಪಿಟ್ಟಿನ ಮುಂದೆ ಕುಳಿತ ಮೇಲೆ ಏನೋ ನೆಪ ಹೇಳಿ ಹೊರಗೆ ಬಂದೆ. ಜೇಬಿನಲ್ಲಿ ಸ್ಟೀಲ್ ಟೇಪು. ಬಾಗಿಲಾಚೆ ಎರಡು ಜೋಡಿ: ಒಂದು, ತೊಗಲಿನ ಕಂದು ಚಪ್ಪಲಿ, ಇನ್ನೊಂದು, ಕಿತ್ತಳೆ ಬಣ್ಣದ ಲೇಸು ಮಿಂಚುವ ಹೊಸ ಸ್ಪೋರ್ಟ್ಸ್ ಶೂ. ಯಾವುದು ಯಾರದೆಂದು ಹೇಳಲು ಇಪ್ಪತ್ತಾರು ವರ್ಷದ ಅನುಭವ ಬೇಕೇ? ಅರವತ್ತೈದರ ಹಿರಿಯರು ಕಿತ್ತಳೆ ಲೇಸು ಕಟ್ಟುವುದುಂಟೇ? ನಾನು ಶೂ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಟೇಪನ್ನು ಬೆರಳ ತುದಿಯವರೆಗೂ ತೂರಿಸಿ, ಎರಡು ಸಲ ಅಳೆದೆ. ಇಪ್ಪತ್ತೆಂಟೂವರೆ ಸೆಂಟಿಮೀಟರು. ಎಡವೂ ಅಷ್ಟೇ, ಬಲವೂ ಅಷ್ಟೇ.

ಮಹಡಿ ಮನೆಯ ಕಮಲಮ್ಮ ಹಾಲಿನ ಪಾತ್ರೆ ಹಿಡಿದು ಮೆಟ್ಟಿಲಿಳಿಯುತ್ತಿದ್ದವರು ನಿಂತರು. “ಏನ್ ಕಳ್ಕೊಂಡ್ರಿ ನಾಗಭೂಷಣ್?”

“ಏನಿಲ್ಲಮ್ಮ, ಸಣ್ಣ ಇನ್‌ಸ್ಪೆಕ್ಷನ್ನು,” ಎಂದೆ. ಅವರು ಶೂ ನೋಡಿದರು, ಟೇಪು ನೋಡಿದರು, ಮೆಟ್ಟಿಲಿಳಿದು ಹೋದರು.

ಆ ಸಂಜೆ ಮೊಬೈಲಿನಲ್ಲಿ ಮೂರು ಕಂಪನಿಗಳ ಸೈಜಿನ ಪಟ್ಟಿ ತೆರೆದೆ. ಇಪ್ಪತ್ತೆಂಟೂವರೆಗೆ ಒಬ್ಬರು ಒಂಬತ್ತು ಎಂದರು, ಇನ್ನೊಬ್ಬರು ಹತ್ತು ಎಂದರು, ಮತ್ತೊಬ್ಬರು ನಲವತ್ತನಾಲ್ಕು ಎಂದರು. ಮೂರನ್ನೂ ತರಿಸಿದೆ. ಜೊತೆಗೆ ನನ್ನ ಕಾಲನ್ನೂ ಅಳೆದು, ಪಟ್ಟಿ ನೋಡಿ, ನನಗೂ ಒಂದು ಜೋಡಿ ಎಂಟು ನಂಬರಿನದು ಆರ್ಡರ್ ಮಾಡಿದೆ. ಬುಧವಾರದ ಹೊತ್ತಿಗೆ ಅಳಿಯನ ಮೂರು ಡಬ್ಬಿಗಳು ಬಂದವು. ಒಂದೊಂದರೊಳಗೂ ಟೇಪು ಬಿಟ್ಟು ನೋಡಿದರೆ, ಹತ್ತು ಎಂದದ್ದು ಒಂಬತ್ತಕ್ಕಿಂತ ಚಿಕ್ಕದು, ನಲವತ್ತನಾಲ್ಕು ಎರಡಕ್ಕಿಂತಲೂ ದೊಡ್ಡದು. ಒಂಬತ್ತು ಮಾತ್ರ ಸರಿಯಾಗಿ ಇಪ್ಪತ್ತೆಂಟೂವರೆ. ಅದನ್ನಿಟ್ಟುಕೊಂಡು ಉಳಿದೆರಡನ್ನು ವಾಪಸ್ ಕಳಿಸಿದೆ.

ಮಹಾನಂದ ಆ ಶೂ ಎತ್ತಿ ನೋಡಿದಳು. “ಇದೇನ್ರೀ ಇಷ್ಟು ದೊಡ್ದು? ಹುಡುಗ ಅಂಥಾ ಆಳೇನಲ್ವಲ್ಲ.”

“ಆಳಿಗೂ ಪಾದಕ್ಕೂ ಏನು ಸಂಬಂಧ? ಅಳತೆ ಮಾಡಿದೀನಿ.”

“ಒಂದ್ಸಲ ಕರೆದು ಹಾಕಿಸಿ ನೋಡೋಣ.”

“ಮುದ್ರೆ ಒತ್ತಿದ ತಕ್ಕಡೀನ ಇನ್ನೊಂದ್ಸಲ ತೂಗಿ ನೋಡ್ತಾರೇನೇ?”

ಸಾನ್ವಿ ಕೋಣೆಯಿಂದ ಬಂದಳು. “ಅಪ್ಪ, ನಾನೇ ಅವರನ್ನ ಕರ್ಕೊಂಡು ಹೋಗಿ ಕೊಡಿಸ್ಲಾ?”

“ಬೇಡ. ಬೀಗರಿಗೆ ಮಾತು ಕೊಟ್ಟಿದೀನಿ.”

“ಸರಿ. ಅವತ್ತು ಅಷ್ಟು ಜನರ ಮುಂದೆ ನನ್ನ ಮಾನ ಕಳೀಬೇಡಿ, ಅಷ್ಟೇ ಕೇಳೋದು,” ಎಂದು ಹೇಳಿ ಒಳಗೆ ಹೋದಳು. ಮಹಾನಂದಳೂ ಸುಮ್ಮನಾದಳು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ಸುಮ್ಮನಾದಾಗಲೆಲ್ಲ ನಾನು ಗೆದ್ದೆನೆಂದೇ ತಿಳಿದುಕೊಂಡು ಬಂದಿದ್ದೇನೆ.

ನನ್ನ ಡಬ್ಬಿ ಮಾತ್ರ ಬರಲಿಲ್ಲ. ದಿನವೂ ಆಫೀಸಿನಿಂದ ಬಂದು ಕೇಳುತ್ತಿದ್ದೆ, “ಇನ್ನೂ ಬಂದಿಲ್ಲ” ಎನ್ನುತ್ತಿದ್ದಳು ಮಹಾನಂದ. ಶನಿವಾರ ಸಂಜೆ ಅಂತೂ ಮೇಜಿನ ಮೇಲೆ ಇತ್ತು. ಕಾಲು ಇಟ್ಟೆ. ಆಹಾ! ಬೆರಳು ಮುದುಡಲಿಲ್ಲ, ಹಿಮ್ಮಡಿ ಉಜ್ಜಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಪಾದಕ್ಕೆ ನ್ಯಾಯ ಸಿಕ್ಕಿತ್ತು. ನಂಬರು ನೋಡುವ ಗೋಜಿಗೂ ಹೋಗಲಿಲ್ಲ, ನಾನೇ ಹೇಳಿದ ಎಂಟಲ್ಲವೇ? ಸೋಮವಾರ ಆಫೀಸಿನಲ್ಲಿ ಕುರ್ಚಿಯ ಮೇಲೆ ಕಾಲಿಟ್ಟು ಎಲ್ಲರಿಗೂ ತೋರಿಸಿದೆ. “ಅಳತೆ ಅಂದ್ರೆ ಇದು. ಅಂಗಡಿಗೆ ಹೋಗದೆ, ಹಾಕಿ ನೋಡದೆ, ಬರೀ ಸೆಂಟಿಮೀಟರ್ ಮೇಲೆ ತರಿಸಿದ್ದು.”

ನಿಶ್ಚಿತಾರ್ಥದ ದಿನ ಬಂತು. ಚಾಮರಾಜಪೇಟೆಯದೇ ಒಂದು ಸಣ್ಣ ಛತ್ರ, ಇನ್ನೂರು ಜನ. ಹೊಸ ಶೂ ತೊಟ್ಟು ನಾನು ಬಾಗಿಲಲ್ಲಿ ನಿಂತಿದ್ದೆ. ಹನ್ನೊಂದಕ್ಕೆ ಮುಹೂರ್ತ. ಹತ್ತೂಮುಕ್ಕಾಲಿಗೆ ತಟ್ಟೆಯಲ್ಲಿಟ್ಟ ಶೂವನ್ನು ನಾನೇ ನಿರಂಜನ್‌ಗೆ ಕೊಟ್ಟೆ. ಹುಡುಗ ಮರ್ಯಾದಸ್ಥ, ಏನೂ ಹೇಳದೆ ಹಾಕಿಕೊಂಡು ಲೇಸನ್ನು ಬಿಗಿದ, ಇನ್ನೂ ಬಿಗಿದ, ಎದ್ದು ನಿಂತ. ಓಲಗ ಶುರುವಾಯಿತು. ಅವನು ಮೊದಲ ಹೆಜ್ಜೆ ಇಟ್ಟ. ಕಾಲು ಮುಂದೆ ಬಂತು, ಶೂ ಬಾಗಿಲಲ್ಲೇ ಉಳಿಯಿತು.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವೇದಿಕೆಯ ಮೇಲಿದ್ದ ಸಾನ್ವಿ ನನ್ನನ್ನು ನೋಡಿದಳು. ಮಗಳು ಕೇಳಿದ್ದು ಒಂದೇ ಒಂದು ಮಾತು, ಅದನ್ನೂ ಉಳಿಸಿಕೊಡಲಿಲ್ಲವಲ್ಲ ಅನ್ನಿಸಿತು.

“ಕಂಪನಿಯವರ ಮೋಸ ಬೀಗರೇ,” ಎಂದೆ ಏಕಾಂತಯ್ಯನವರಿಗೆ. “ಅವರ ಒಂಬತ್ತೇ ಸರಿಯಿಲ್ಲ.”

ಏಕಾಂತಯ್ಯನವರು ಬಿಟ್ಟುಹೋದ ಶೂ ಎತ್ತಿ ತಿರುಗಿಸಿ ನೋಡಿದರು. ತಮ್ಮ ಕಾಲಿಗೆ ಏರಿಸಿದರು. ಇನ್ನೊಂದನ್ನೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರು. “ಅರೆ, ನನ್ನ ಕಾಲಿಗೆ ಅಳತೆ ಕೊಟ್ಟು ಮಾಡಿಸ್ದಂಗಿದೆ ಬೀಗರೇ. ನನ್ನ ಅಳತೆ ನಿಮಗೆ ಹೆಂಗೆ ಗೊತ್ತಾಯ್ತು?”

ನಾನು ಬಾಯಿ ತೆರೆಯುವಷ್ಟರಲ್ಲಿ ಕಮಲಮ್ಮನವರ ದನಿ ಕೇಳಿಸಿತು. “ಅವತ್ತು ತಿಂಡಿಗೆ ಬಂದಾಗ ಬಾಗಿಲಾಚೆ ಕೂತು ಅಳೀತಿದ್ರಲ್ಲ. ಕಿತ್ತಳೆ ಲೇಸಿಂದು. ಇನ್‌ಸ್ಪೆಕ್ಷನ್ನು ಅಂದ್ರು.”

“ಓ, ಅದು ನಂದು,” ಎಂದರು ಏಕಾಂತಯ್ಯನವರು. “ಮಂಡಿನೋವಿಗೆ ಡಾಕ್ಟ್ರು ಅದನ್ನೇ ಹಾಕ್ಕೊಂಡು ನಡೀರಿ ಅಂದಿದಾರೆ. ಚಪ್ಪಲಿ ಇವನ್ದು. ಶೂ ಅಂದ್ರೇನೇ ಆಗಲ್ಲ ಇವನಿಗೆ.”

ಇನ್ನೂರು ಜನ ನಕ್ಕರು. ಓಲಗದವರೂ ಊದುವುದನ್ನು ನಿಲ್ಲಿಸಿ ನಕ್ಕರು. ನಿರಂಜನ್ ಕಾಲುಚೀಲದಲ್ಲಿ ನಿಂತು, ನನ್ನ ಮೇಲಿನ ಗೌರವಕ್ಕೆ, ನಗು ತಡೆದುಕೊಂಡಿದ್ದ. ಮುಹೂರ್ತಕ್ಕೆ ಒಂಬತ್ತು ನಿಮಿಷ ಉಳಿದಿತ್ತು.

ಆಗ ಮಹಾನಂದ ಫಲತಾಂಬೂಲದ ಚೀಲಗಳ ಹಿಂದಿನಿಂದ ಇನ್ನೊಂದು ಡಬ್ಬಿ ತೆಗೆದಳು. “ಇದನ್ನ ಹಾಕ್ಕೊಳಪ್ಪ.”

ನಿರಂಜನ್ ಹಾಕಿಕೊಂಡ. ನಡೆದ. ಬಾಗಿಲಿನಿಂದ ವೇದಿಕೆಯವರೆಗೆ ಒಂದು ಹೆಜ್ಜೆಯೂ ತಪ್ಪಲಿಲ್ಲ. ಸಾನ್ವಿಯ ಮುಖ ಅರಳಿತು. ನನಗೂ ಉಸಿರು ಬಂತು. ಉಸಿರಿನ ಹಿಂದೆಯೇ ಇಲಾಖೆಯವನ ಅನುಮಾನವೂ ಬಂತು.

“ಎಷ್ಟು ನಂಬರೇ ಅದು?” ಎಂದು ಹೆಂಡತಿಯ ಪಕ್ಕಕ್ಕೆ ಸರಿದು ಕೇಳಿದೆ.

“ನಂಗೇನ್ ಗೊತ್ತು? ನಾನು ಕೇಳ್ಲೇ ಇಲ್ಲ.”

“ಮತ್ತೆ ಹೇಗೆ ತಂದೆ?”

ಅವಳು ಕೈಚೀಲದಿಂದ ಪಾದದ ಆಕಾರಕ್ಕೆ ಕತ್ತರಿಸಿದ ಪೇಪರ್ ಹಾಳೆಯೊಂದನ್ನು ತೆಗೆದಳು. ಅದರ ಮೇಲೆ ನನ್ನ ಅರ್ಧ ತುಂಬಿಸಿದ ಪದಬಂಧ. ಹೆಬ್ಬೆರಳಿನ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಏಳು.

“ಅವತ್ತು ಕಾಲು ತೊಳ್ಕೊಂಡು ಬಂದ್ರಲ್ಲ, ಪೇಪರ್ ಮೇಲೆ ಒದ್ದೆ ಹೆಜ್ಜೆ ಬಿದ್ದಿತ್ತು. ಆರೋದ್ರೊಳಗೆ ಪೆನ್ಸಿಲಲ್ಲಿ ಗೀಟು ಹಾಕ್ದೆ. ಆಮೇಲೆ ಕತ್ತರಿಸಿ, ಗಾಂಧಿ ಬಜಾರಿಗೆ ತಗೊಂಡು ಹೋಗಿ ಶೂ ಒಳಗಿಟ್ಟು ನೋಡ್ದೆ. ನಮ್ಮಮ್ಮ ನಮಗೆಲ್ಲ ಹಂಗೇ ತರ್ತಿದ್ದಿದ್ದು.”

“ನಿಂಗೆ ಮೊದಲೇ ಗೊತ್ತಿತ್ತಾ? ಹೇಳೋದಲ್ವಾ?”

“ಹಾಕಿಸಿ ನೋಡೋಣ ಅಂದೆ. ನೀವು ತಕ್ಕಡಿ ಕಥೆ ಹೇಳಿದ್ರಿ.”

ನಾನು ಸೋಲೊಪ್ಪುವವನಲ್ಲ. “ಆಯ್ತು, ಅಳೆದ ಶೂ ತಪ್ಪಿರಬಹುದು, ಅಳತೆ ತಪ್ಪಿಲ್ಲ. ಬೇಕಾದ್ರೆ ನನ್ನ ಕಾಲು ನೋಡು. ಸೆಂಟಿಮೀಟರ್ ಲೆಕ್ಕದಲ್ಲಿ ತರಿಸಿದ್ದು. ಎಷ್ಟು ಸರಿಯಾಗಿ ಕೂತಿದೆ!”

ಮಹಾನಂದ ಕೈಚೀಲಕ್ಕೆ ಮತ್ತೆ ಕೈಹಾಕಿ ಇನ್ನೊಂದು ಪೇಪರ್ ಪಾದ ತೆಗೆದಳು. ಇದು ಸ್ವಲ್ಪ ಅಗಲ, ಕಿರುಬೆರಳು ಹೊರಕ್ಕೆ ಚಾಚಿತ್ತು. ಆ ಕಿರುಬೆರಳು ನನಗೆ ಚೆನ್ನಾಗಿ ಗೊತ್ತು.

“ನಿಮ್ಮ ಎಂಟು ಮಂಗಳವಾರಾನೇ ಬಂದಿತ್ತು. ಪೇಪರ್ ಇಟ್ಟು ನೋಡಿದ್ರೆ ಬೆರಳೇ ಮಡಚ್ಕೊಳ್ತು. ವಾಪಸ್ ಕೊಟ್ಟು ಬದಲಾಯಿಸ್ದೆ.”

ಕಂಬಕ್ಕೆ ಒರಗಿ ಒಂದು ಕಾಲಿನ ಶೂ ಬಿಚ್ಚಿ ಒಳಗೆ ನೋಡಿದೆ. ಒಂಬತ್ತು.

ವೇದಿಕೆಯ ಮೇಲೆ ಉಂಗುರ ಬದಲಾಯಿತು, ಜನ ಅಕ್ಷತೆ ಹಾಕಿದರು. ನಾನು ಒಂದು ಕಾಲಿಗೆ ಶೂ, ಒಂದು ಕಾಲಿಗೆ ಬರೀ ಕಾಲುಚೀಲದಲ್ಲಿ ನಿಂತೇ ಹಾಕಿದೆ. ಮಹಾನಂದ ಎರಡೂ ಪೇಪರ್ ಪಾದಗಳನ್ನು ಮಡಚಿ ನನ್ನ ಜೇಬಿಗೆ ತುರುಕಿದಳು.

“ಮನೆಗೆ ಹೋದ್ಮೇಲೆ ಇದಕ್ಕೆ ನಿಮ್ಮ ಇಲಾಖೆ ಮುದ್ರೆ ಒತ್ತಿಕೊಡಿ,” ಎಂದಳು. “ಇವತ್ತೇ ಆಗ್ಬೇಕು. ನಾಳೆಯಿಂದ ನೀವು ಮುದ್ರೆ ಮುಟ್ಟಲ್ಲ ಅಂತ ಬೀಗರಿಗೆ ಮಾತು ಕೊಟ್ಟಿದೀರಲ್ಲ.”