ಹಳೇ ಮಾನಿಟರ್ ಮತ್ತು ಎದುರಂಗಡಿಯ ಬೆಂಚು

ಲಗ್ನಪತ್ರಿಕೆ ಮಾಡುವ ಅಂಗಡಿ ಇಟ್ಟುಕೊಂಡವರಿಗೆ ನಗುವುದಕ್ಕೆ ಬೇರೆ ಏನೂ ಬೇಕಾಗಿಲ್ಲ, ದಿನಕ್ಕೊಂದು ಏನಾದರೂ ಆಗಿಯೇ ಆಗುತ್ತದೆ. ಆದರೆ ಎದುರಿಗೇ ಇನ್ನೊಂದು ಲಗ್ನಪತ್ರಿಕೆ ಅಂಗಡಿ ಇದ್ದರೆ ಆ ನಗು ಬಹಳ ತಡವಾಗಿ ಬರುತ್ತದೆ. ಅದು ಬರುವಷ್ಟರಲ್ಲಿ ಹೊಟ್ಟೆಕಿಚ್ಚು ಬಂದು ಕುರ್ಚಿ ಹಾಕಿಕೊಂಡು ಕುಳಿತಿರುತ್ತದೆ.

ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರದ ಒಂದು ಓಣಿಯಲ್ಲಿ ನನ್ನ ಅಂಗಡಿ, ಅದರ ಹಿಂದೆಯೇ ಮನೆ. ಕಂಪ್ಯೂಟರಿನಲ್ಲಿ ಪತ್ರಿಕೆ ಜೋಡಿಸಿ ಅಚ್ಚಿಗೆ ಕಳಿಸುವುದು ನನ್ನ ಕೆಲಸ. ನಮ್ಮ ಮನೆಯವರು ಬಬಲೇಶ್ವರ ಬಸ್ಸಿನ ಕಂಡಕ್ಟರ್. ಯಾವ ಊರಲ್ಲಿ ಯಾರ ಲಗ್ನ ನಿಶ್ಚಯವಾಯಿತು ಅನ್ನುವುದು ಟಿಕೆಟ್ ಕೊಡುವಾಗಲೇ ಅವರ ಕಿವಿಗೆ ಬೀಳುತ್ತದೆ, ನನ್ನ ಅಂಗಡಿಯ ದಾರಿಯನ್ನೂ ಅವರೇ ಹೇಳಿ ಕಳಿಸುತ್ತಾರೆ. ಇಷ್ಟು ಅನುಕೂಲ ಇದ್ದೂ ನನ್ನ ಹೊಟ್ಟೆ ಉರಿಯುತ್ತಿತ್ತು. ಯಾಕೆ ಅಂತ ಹೇಳುತ್ತೇನೆ.

ಬೆಂಚು

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ವರ, ವಧು, ಮುಹೂರ್ತ ಇಷ್ಟೇ ಇದ್ದರೆ ಅದು ಪತ್ರಿಕೆಯೇ ಅಲ್ಲ. ಅದರ ಕೆಳಗೆ ಹಿರಿಯರು, ಕಾಕಾಗಳು, ಸೋದರಮಾವಂದಿರು, ಅಳಿಯಂದಿರು, ಕೊನೆಗೆ ಇನ್ನೂ ಮಾತು ಬಾರದ ಕೂಸಿನ ಹೆಸರೂ ಬರಬೇಕು. ಅಚ್ಚಿಗೆ ಹೋಗುವ ಮುಂಚೆ ಮನೆಯವರು ಬಂದು ನೋಡಿ ಹೂಂ ಅನ್ನಬೇಕು. ನನ್ನ ಕಂಪ್ಯೂಟರ್ ಗೋಡೆಯ ಮೂಲೆಯಲ್ಲಿತ್ತು. ಹಿರಿಯರೊಬ್ಬರು ನನ್ನ ಬೆನ್ನ ಹಿಂದೆ ತುರುಕಿಕೊಂಡು ನಿಂತು ನೋಡಿದರೆ ಮುಗಿಯಿತು, ಇನ್ನೊಬ್ಬರಿಗೆ ಜಾಗವೇ ಇರಲಿಲ್ಲ.

ಎದುರಿನ ಅಂಗಡಿಯವನು ಏನು ಮಾಡಿದ? ಬೆಂಚಿನ ಕಡೆ ಮುಖ ಮಾಡಿ ಇನ್ನೊಂದು ದೊಡ್ಡ ಪರದೆ ಕೂಡಿಸಿದ. ಇಡೀ ಮನೆತನ ಬೆಂಚಿನ ಮೇಲೆ ಕುಳಿತು ಆರಾಮಾಗಿ ಪತ್ರಿಕೆ ನೋಡತೊಡಗಿತು. ಅಂದಿನಿಂದ ಅವನ ಬೆಂಚು ಖಾಲಿಯಾದದ್ದನ್ನು ನಾನು ಕಾಣಲಿಲ್ಲ. ಹಳದಿ ರುಮಾಲಿನ ಅಜ್ಜ ಒಬ್ಬರಂತೂ ಬೆಳಗ್ಗೆ ಬಂದು ಕುಳಿತರೆ ಸಂಜೆಗೂ ಅಲ್ಲೇ, ಮರುದಿನವೂ ಅಲ್ಲೇ. ಎದ್ದು ಹೋಗಲು ಮನಸ್ಸು ಬಾರದಷ್ಟು ಚಂದ ತೋರಿಸುತ್ತಾನಲ್ಲ ಅಂತ ನನಗೆ ಇನ್ನಷ್ಟು ಉರಿಯಿತು.

ನನ್ನ ಬೆಂಚಿನ ಮೇಲೆ ಯಾರು ಕೂಡುತ್ತಿದ್ದರು? ಗುಮ್ಮಟ ಹತ್ತಿ ಇಳಿದು ಕಾಲು ನೋಯಿಸಿಕೊಂಡ ಪ್ರವಾಸಿಗರು. ಅಂಥವರೊಬ್ಬರು ನನ್ನ ತಂಬಿಗೆಯಿಂದಲೇ ನೀರು ಕುಡಿಯುತ್ತ ಎದುರಿಗೆ ನೋಡಿ, "ಆ ಅಂಗಡ್ಯಾಗ ಏನ ಹಂಚಾಕತ್ತಾರ್ರಿ, ಅಷ್ಟ ಮಂದಿ ಕುಂತಾರ?" ಅಂದರು.

"ನೀರು ಕುಡದ ನಡೀರಿ, ಗುಮ್ಮಟ ಮುಚ್ಚೂ ಹೊತ್ತಾತು" ಅಂದೆ.

"ನಾವು ನೋಡೇ ಬಂದೇವ್ರಿ."

"ಇನ್ನೊಮ್ಮಿ ನೋಡ್ರಿ."

ಎಡೆ

ಇಂಥದ್ದರಲ್ಲಿ ನನ್ನ ಹಳೇ ಕಂಪ್ಯೂಟರ್ ಕಣ್ಣು ಮುಚ್ಚಿತು. ಮಾನಿಟರ್ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಹೊಸ ಲ್ಯಾಪ್‌ಟಾಪ್ ತಂದೆವು. ಬೇರೆಯವರಾದರೆ ಹೊಸದು ಬಂತು ಅಂತ ಸಂತೋಷಪಡುತ್ತಿದ್ದರು. ನಾನು ಪಟ್ಟದ್ದು ಬೇರೆ ಸಂತೋಷ. ಲ್ಯಾಪ್‌ಟಾಪ್ ನನ್ನ ಮುಂದೆ ಇರಲಿ, ಹಳೇ ಮಾನಿಟರನ್ನು ಅದಕ್ಕೆ ಜೋಡಿಸಿ ಬೆಂಚಿನ ಕಡೆ ತಿರುಗಿಸಿ ಇಟ್ಟುಬಿಟ್ಟರೆ ಎದುರಿನವನ ಮುಖ ಹೇಗಾಗುತ್ತದೆ ನೋಡೋಣ ಅಂದುಕೊಂಡೆ.

ಮೊದಲು ಲ್ಯಾಪ್‌ಟಾಪಿಗೆ ಪೂಜೆ ಆಗಬೇಕು ಅಂದರು ಅತ್ತೆ. "ಅದರ ಮೈಗೆ ಕುಂಕುಮ, ವಿಭೂತಿ ಹಚ್ಚಬ್ಯಾಡ್ರಿ, ಕಲೆ ಬೀಳತೈತಿ" ಅಂತ ಹೇಳಿ ನಾನು ಸ್ನಾನಕ್ಕೆ ಹೋದೆ. ಅತ್ತೆ ನನ್ನ ಮಾತು ಮೀರಲಿಲ್ಲ. ಮೈಗೆ ಒಂದು ಚುಕ್ಕೆಯನ್ನೂ ಹಚ್ಚದೆ, ಬದಿಯಲ್ಲಿದ್ದ ಸಣ್ಣ ತೂತೊಂದಕ್ಕೆ ಅಚ್ಚುಕಟ್ಟಾಗಿ ವಿಭೂತಿ ತುಂಬಿ, ಪಕ್ಕದ ತೂತಿಗೆ ಸಕ್ಕರೆ ಎಡೆ ಹಿಡಿದಿದ್ದರು.

ಚಾರ್ಜರ್ ಒಳಗೆ ಹೋಗದಿದ್ದಾಗಲೇ ನನಗೆ ಗೊತ್ತಾದದ್ದು. ಹಲ್ಲುಕಡ್ಡಿ ಹಿಡಿದು ವಿಭೂತಿ ಕೆದರುತ್ತ ಕುಳಿತಿದ್ದೆ. ಅಷ್ಟರಲ್ಲಿ ಪಕ್ಕದ ತೂತಿಗೆ ಇರುವೆ ಸಾಲುಗಟ್ಟಿದವು. ನಾನು ಹಣೆ ಚಚ್ಚಿಕೊಂಡರೆ ಅತ್ತೆ ಕೈ ಮುಗಿದರು.

"ನೋಡ ನಮ್ಮವ್ವ, ಇರುವಿ ಬಂದಾವಂದ್ರ ದೇವರು ಎಡಿ ತಗೊಂಡಾನಂತನ ತಿಳಿ."

ಕೌದಿ

ತೂತು ಸ್ವಚ್ಛವಾದ ಮೇಲೆ ಹೊಸ ಸಮಸ್ಯೆ ಕಂಡಿತು. ಮಾನಿಟರಿನ ವೈರಿನ ತುದಿಗೆ ನೀಲಿ ಬಣ್ಣದ ಅಗಲ ಪಿನ್ನು, ಎರಡೂ ಬದಿಗೆ ತಿರುಗಿಸಿ ಬಿಗಿಯುವ ತಿರುಗಣೆ. ಲ್ಯಾಪ್‌ಟಾಪಿನ ತೂತು ನನ್ನ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ನಡುವೆ ಅಡಾಪ್ಟರ್ ಬೇಕು ಅಂದರು ನಮ್ಮ ಮನೆಯವರು. ಎಂಥ ಅಡಾಪ್ಟರ್ ಅಂತ ಬಾಯಲ್ಲಿ ಹೇಳಲು ನನಗೆ ಬರಲಿಲ್ಲ. ಹಾಗಾಗಿ ಮಾನಿಟರನ್ನೇ ಹೊದೆಯುವ ಕೌದಿಯಲ್ಲಿ ಸುತ್ತಿಕೊಂಡು, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ. ಎದುರಿನವನು ಬಾಗಿಲಿಗೆ ಬಂದು ನಿಂತು ಕೇಳಿದ, "ಅಕ್ಕಾರ, ಮಾರಾಕ ಒಯ್ಯಾಕತ್ತೀರೇನ್ರಿ?"

ಅವನ ದನಿಯಲ್ಲಿ ಕನಿಕರ ಇತ್ತು. ಅದು ನನಗೆ ಕುಹಕಕ್ಕಿಂತ ಖಾರವಾಗಿ ತಾಗಿತು.

ಕಂಪ್ಯೂಟರ್ ಸಾಮಾನಿನ ಅಂಗಡಿಯವರು ಕೌದಿ ಬಿಚ್ಚಿ ನೋಡಿ, ಲ್ಯಾಪ್‌ಟಾಪಿಗೆ ಒಂದು ಅಡಾಪ್ಟರ್, ಮಾನಿಟರಿನ ಬೆನ್ನಿಗೆ ಒಂದು, ನಡುವೆ ಒಂದು ವೈರು ಕೊಟ್ಟರು. ಅಲ್ಲಿ ಕರೆಂಟ್ ಇರಲಿಲ್ಲ, ಹಾಗೇ ತಂದೆ. ಮನೆಗೆ ಬಂದು ಕೂಡಿಸಿದರೆ ಅದಕ್ಕೂ ಕೂತಿತು, ಇದಕ್ಕೂ ಕೂತಿತು, ಚಿತ್ರ ಮಾತ್ರ ಬರಲಿಲ್ಲ. ಮತ್ತೆ ಕೌದಿ, ಮತ್ತೆ ಆಟೋ.

"ಇದು ಹಳೇ ಕಂಪ್ಯೂಟರದಿಂದ ಹೊಸಾ ಟಿವಿಗಿ ಹೋಗೂದ್ರಿ ಅಕ್ಕಾರ" ಅಂದರು ಅವರು, ತಮ್ಮದೇ ಮಾಲನ್ನು ಮೊದಲ ಸಲ ನೋಡುವವರ ಹಾಗೆ ತಿರುಗಿಸಿ ನೋಡುತ್ತ. "ನಿಮಗ ಹೊಸದರಿಂದ ಹಳೇದಕ್ಕ ಬರೂದು ಬೇಕು."

"ಮತ್ತ ಅದನ್ನ ಮೊದಲ ಕೊಡಬೇಕಿಲ್ಲೋ?"

"ಹೊಸದು ಬಿಟ್ಟ ಹಳೇದಕ್ಕ ಬರಾವ್ರು ಇದ್ದಾರಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ?"

ಸರಿಯಾದದ್ದನ್ನು ಇಸಿದುಕೊಂಡು ಬಂದು ನೋಡಿದರೆ ನನ್ನ ಗಿರಾಕಿಯೊಬ್ಬರು ಎದುರಿನ ಬೆಂಚಿನ ಮೇಲೆ ಕುಳಿತಿದ್ದರು. ಯಾಕ್ರಿ ಅಂದೆ. ಅವರು ಎದ್ದು ನಿಂತು ಬಹಳ ನೊಂದ ದನಿಯಲ್ಲಿ, "ನೀವು ಕೌದಿ ಸಮೇತ ಆಟೋದಾಗ ಹೋದ್ರಂತ. ಊರ ಬಿಟ್ಟ್ರೇನೋ ಅಂತ ತಿಳಕೊಂಡ್ವಿರಿ" ಅಂದರು.

ಅತ್ತೆಯ ಫೋನು

ತಿಕೋಟಾದಲ್ಲಿ ನನ್ನ ನೆಗೆಣ್ಣಿ ಇದ್ದಾಳೆ, ಮೈದುನನ ಹೆಂಡತಿ. ಮನೆಯಲ್ಲೇ ಜಂಪರ್ ಹೊಲಿಯುತ್ತಾಳೆ. ಆಕೆಯೂ ಲ್ಯಾಪ್‌ಟಾಪ್ ತಗೊಂಡು ಟಿವಿಗೆ ಜೋಡಿಸಿ ಗಿರಾಕಿಗಳಿಗೆ ತೋಳಿನ ಡಿಸೈನ್ ತೋರಿಸುತ್ತಾಳೆ. ಹೋದಾಗ ನೋಡಿದ್ದೆ. "ಒಂದ ವೈರ್ ಅಕ್ಕಾ. ಹಚ್ಚಿದೆ, ಬಂತು" ಅಂದಿದ್ದಳು. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ಅಂದು ಆಕೆ ಬಡಿಸಿದ ಹೋಳಿಗೆ ನನಗೆ ಸಪ್ಪಗೆ ಹತ್ತಿತ್ತು.

ಈಗ ಸರಿಯಾದ ಅಡಾಪ್ಟರ್‌ಗಳನ್ನು ಒಂದರ ಬಾಲಕ್ಕೆ ಒಂದು ಸಿಕ್ಕಿಸಿದರೂ ನನ್ನ ಮಾನಿಟರ್ ಕಪ್ಪಗೇ ಇತ್ತು. ಕೇಳಿದರೆ ನೆಗೆಣ್ಣಿ ಹೇಳಿಯಾಳು. ಆದರೆ ಆಕೆಯನ್ನು ಕೇಳುವುದಕ್ಕಿಂತ ಮಾನಿಟರನ್ನು ಕೆರೆಗೆ ಎಸೆಯುವುದು ವಾಸಿ ಅನಿಸಿತು. ಕೊನೆಗೆ ಸ್ಪೀಕರ್ ಹಚ್ಚಿ ಅತ್ತೆಯ ಕೈಗೆ ಫೋನು ಕೊಟ್ಟೆ. "ನೀವ ಕೇಳಿದಂಗ ಕೇಳ್ರಿ. ನನ್ನ ಹೆಸರ ತಗೀಬ್ಯಾಡ್ರಿ" ಅಂದೆ.

ಅತ್ತೆ ಫೋನಿನಲ್ಲಿ ಮಾತಾಡಿದರೆ ಓಣಿಗೆಲ್ಲ ಕೇಳಿಸುತ್ತದೆ. "ಅಲ್ಲಬೇ, ಲ್ಯಾಪ್‌ಟಾಪಿಗಿ ಟಿವಿ ಹಚ್ಚಿದ್ರ ಚಿತ್ರ ಬರವಲ್ದು. ಏನ ಮಾಡಬೇಕು?"

"ನಿಮಗ್ಯಾಕ ಬೇಕಾತ್ರಿ ಅತ್ತಿ ಲ್ಯಾಪ್‌ಟಾಪ್?" ಅಂದಳು ನೆಗೆಣ್ಣಿ.

ಅತ್ತೆ ನನ್ನ ಕಡೆ ನೋಡಿದರು. ನಾನು ಬೇಡ ಬೇಡ ಅಂತ ಕೈ ಆಡಿಸಿದೆ. ಅತ್ತೆ ಅಂದರು, "ಯಾರ ಅಂತ ಹೇಳಬ್ಯಾಡ ಅಂದಾಳ."

ಆ ಕಡೆ ನಗು ತಡೆದುಕೊಂಡದ್ದು ನನಗೆ ಕೇಳಿಸಿತು. "ಹಂಗಾದ್ರ ಆಕಿಗೆ ಹೇಳ್ರಿ, ಕಿಟಕಿ ಗುರುತಿನ ಕೀಲಿ ಹಿಡಕೊಂಡು ಪಿ ಒತ್ತು ಅನ್ರಿ. ಎರಡೂ ಕಡೆ ಒಂದ ಚಿತ್ರ ತೋರಸು ಅಂತ ಬರತೈತಿ, ಅದನ್ನ ಆರಿಸು ಅನ್ರಿ."

ಒತ್ತಿದೆ, ಆರಿಸಿದೆ. ಮಾನಿಟರ್ ಬೆಳಗಿತು. ಖುಷಿಯಲ್ಲಿ ನಾನೇ ಮೈಮರೆತು, "ಬಂತು" ಅಂತ ಕೂಗಿಬಿಟ್ಟೆ.

"ಸಮಾಧಾನ ಆತಿಲ್ಲಕ್ಕಾ" ಅಂದಳು ನೆಗೆಣ್ಣಿ. "ಈಗರೆ ಹೋಳಿಗಿ ಉಣ್ಣಾಕ ಬಾ."

ಚಂಚಿ

ಇನ್ನು ಬಬಲೇಶ್ವರದ ಮನೆತನದ ಲಗ್ನ. ದೊಡ್ಡ ಒಕ್ಕಲುತನ, ದ್ರಾಕ್ಷಿ ವ್ಯಾಪಾರ, ಸುತ್ತ ಹತ್ತೂರಿನಲ್ಲಿ ಬೀಗರು. ಅವರ ಪತ್ರಿಕೆ ಎಲ್ಲಿ ಆಯಿತೋ ಅವರ ಬೀಗರದ್ದೆಲ್ಲ ಅಲ್ಲೇ ಆಗುತ್ತದೆ. ನಮ್ಮ ಮನೆಯವರು ಬಸ್ಸಿನಲ್ಲೇ ಅವರನ್ನು ಒಪ್ಪಿಸಿ ಬಂದಿದ್ದರು, ಅರ್ಧ ಮಾತ್ರ. "ನಿನ್ನ ಕಡೆ ಮೊದಲ ನೋಡತಾರಂತ. ಮನಸ್ಸಿಗಿ ಬರಲಿಲ್ಲಂದ್ರ ಎದುರಿಗಿ ಹೋಗತಾರಂತ" ಅಂದರು. ಎದುರಿಗೆ ಹೋದರೆ ನಾನು ಅಂಗಡಿಗೆ ಬೀಗ ಹಾಕಿ ಪ್ರವಾಸಿಗರಿಗೆ ನೀರು ಮಾರುವುದೇ ಸೈ.

ಬಂದರು. ವಧುವಿನ ಅಪ್ಪ, ಅವರ ತಮ್ಮ, ತಮ್ಮನ ಹೆಂಡತಿ, ನಿಡೋಣಿಯ ಸೋದರಮಾವ. ಎಲ್ಲರಿಗಿಂತ ಮುಂದೆ ಮನೆಯ ಹಿರಿಯಳು, ವಧುವಿನ ಅಜ್ಜಿ. ಸೊಂಟಕ್ಕೆ ಎಲೆ ಅಡಿಕೆಯ ಚಂಚಿ, ಬಾಯಲ್ಲಿ ಅದರದೇ ಕೆಲಸ. ಎಲ್ಲರೂ ಬೆಂಚಿನ ಮೇಲೆ ಕುಳಿತರು. ನಾನು ಮಾನಿಟರ್ ಹಚ್ಚಿದೆ. ಪತ್ರಿಕೆ ಬೆಳಗಿತು. ಎದುರಿನವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನನಗೆ ಆದ ಸಂತೋಷ ಲಗ್ನದ ಮನೆಯವರಿಗೂ ಆಗಿರಲಿಕ್ಕಿಲ್ಲ.

"ಚಲೋ ಐತಿ" ಅಂದರು ಸೋದರಮಾವ. "ಆದ್ರ ನನ್ನ ಹೆಸರ ಯಾಕ ಇಷ್ಟ ಕೆಳಗ ಹೋಗೈತಿ?"

ಮೇಲೆ ತಂದೆ. ಹೆಸರು ಮೇಲೆ ಹೋದದ್ದನ್ನು ಎಲ್ಲರೂ ಕಣ್ಣಾರೆ ಕಂಡರು. ವಧುವಿನ ಅಪ್ಪನ ತಮ್ಮ ಎದ್ದು ನಿಂತ. "ಮಾವ ಮ್ಯಾಲ ಹೋದ್ರ ನಾ ಎಲ್ಲಿ ಹೋಗ್ಲಿ? ಈ ಮನಿ ಮಗ ನಾನು."

ಅವನನ್ನು ಮೇಲೆ ತಂದೆ. ಮಾವ ಕೆಳಗೆ ಬಂದರು. ತಮ್ಮನ ಹೆಂಡತಿ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ಹುಡುಕಿ, "ನಮ್ಮ ತವರಮನಿಯವ್ರು ಎಲ್ಲೂ ಕಾಣವಲ್ರು" ಅಂದಳು. ತವರಿನವರನ್ನು ತಂದರೆ ಮಾವ ಇನ್ನೂ ಕೆಳಗೆ ಹೋದರು. ಅವರ ಅಕ್ಷರ ದಪ್ಪ, ಇವರದು ಸಣ್ಣ, ಅವರಿಗೆ ಶ್ರೀ ಇದೆ, ಇವರಿಗಿಲ್ಲ. ಚಹಾ ಬಂತು, ಹೋಯಿತು. ಬುತ್ತಿ ಬಿಚ್ಚಿ ರೊಟ್ಟಿ ತಿಂದರು, ತಿನ್ನುತ್ತಲೇ ಜಗಳಾಡಿದರು. ನಾನು ಕನಸು ಕಂಡ ಹಾಗೆ ನನ್ನ ಬೆಂಚು ಬೆಳಗ್ಗೆಯಿಂದ ತುಂಬಿ ತುಳುಕುತ್ತಿತ್ತು. ಹಳದಿ ರುಮಾಲಿನ ಅಜ್ಜ ಎದುರಿನ ಬೆಂಚು ಬಿಟ್ಟು ಯಾಕೆ ಏಳುತ್ತಿರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು.

ಸೋದರಮಾವ ರುಮಾಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು. "ಏಳ್ರಿ, ಎದುರಿಗಿ ಹೋಗೂಣು. ಅಲ್ಲಿ ಸರಿ ಮಾಡತಾರ."

ಎಲ್ಲರೂ ಎದ್ದು ಬಾಗಿಲಿಗೆ ಹೋದರು. ಅಷ್ಟರಲ್ಲಿ ಎದುರಿನವನು ಅಲ್ಲಿಂದಲೇ ಎರಡೂ ಕೈ ಮುಗಿದ. "ಇಲ್ಲಿ ಬರಬ್ಯಾಡ್ರಿ ಯಪ್ಪಾ. ಮೊದಲ ಕುಂತಾವ್ರದ ಇನ್ನೂ ಮುಗಿದಿಲ್ಲ."

ಅಜ್ಜಿ ಮಾತ್ರ ಎದ್ದಿರಲಿಲ್ಲ. ಈಗ ಎದ್ದಳು. ಮಾನಿಟರಿನ ಹಿಂದೆ ಬಗ್ಗಿ ನೋಡಿದಳು. "ಇದಕ್ಕ ಎಲ್ಲಿಂದ ಬರತೈತಿ ಎಲ್ಲಾ?"

"ಇದರಿಂದ್ರಿ ಅಮ್ಮಾರ" ಅಂತ ಅಡಾಪ್ಟರ್ ತೋರಿಸಿದೆ.

ಅಜ್ಜಿ ಅದನ್ನು ಹಿಡಿದು ಎಳೆದಳು. ಒಂದರ ಬಾಲಕ್ಕೆ ಇನ್ನೊಂದಿತ್ತಲ್ಲ, ಎರಡೂ ಬಂದವು. ಪರದೆ ಕಪ್ಪಾಯಿತು. ಎರಡನ್ನೂ ಅಡಿಕೆಯ ಜೊತೆ ಚಂಚಿಗೆ ಹಾಕಿ ದಾರ ಜಗ್ಗಿ ಕಟ್ಟಿದಳು. ಇದಕ್ಕಾಗಿ ನಾನು ಕೌದಿ ಹೊತ್ತು ತಿರುಗಿದ್ದೆ, ನೆಗೆಣ್ಣಿಯ ಮುಂದೆ ಮಾನ ಕಳೆದುಕೊಂಡಿದ್ದೆ.

ಆಮೇಲೆ ಮೂಲೆಗೆ ಬಂದು ನನ್ನ ಬೆನ್ನ ಹಿಂದೆ ನಿಂತಳು. "ಸಣ್ಣದರಾಗ ತಗಿ. ನನಗ ಓದಾಕ ಬರೂದಿಲ್ಲ. ನೀ ಓದು, ನಾ ಹೂಂ ಅಂತೇನಿ."

ನಾನು ಪಿಸುದನಿಯಲ್ಲಿ ಓದಿದೆ. ಅಜ್ಜಿ ನನ್ನ ಕಿವಿಯಲ್ಲಿ ಇವನನ್ನು ಇಲ್ಲಿಡು, ಅವನನ್ನು ಅಲ್ಲಿಡು ಅಂದಳು. ಚಹಾ ಆರುವಷ್ಟರಲ್ಲಿ ಪತ್ರಿಕೆ ಅಚ್ಚಿಗೆ ಹೋಯಿತು. ಬಾಗಿಲಲ್ಲಿ ಕಿರಿಯ ಮಗ ಹೆದರುತ್ತ ಕೇಳಿದ, "ಯವ್ವಾ, ನಮ್ಮ ಹೆಸರ ಎಲ್ಲಿ ಬಂತು?"

"ಲಗ್ನಕ್ಕ ಬಾ, ಗೊತ್ತಾಗತೈತಿ" ಅಂದು ಅಜ್ಜಿ ನಡೆದುಬಿಟ್ಟಳು.

ನನ್ನ ಅಡಾಪ್ಟರ್ ಅಂತ ಹಿಂದೆ ಓಡಿದೆ. "ಅದೂ ಲಗ್ನ ಆದ ಮ್ಯಾಲ" ಅಂದಳು.

ಸಂಜೆ ಬೆಂಚು ಒರೆಸುತ್ತಿದ್ದೆ. ಎದುರಿನವನು ಮೊದಲ ಸಲ ರಸ್ತೆ ದಾಟಿ ನನ್ನ ಅಂಗಡಿಗೆ ಬಂದ. ಮುಖ ಬಾಡಿತ್ತು. ಅವನ ಹಿಂದೆ, ಅವನ ಅಂಗಡಿಯಲ್ಲಿ, ಹಳದಿ ರುಮಾಲಿನ ಅಜ್ಜ ಇನ್ನೂ ಪರದೆಗೆ ಬೆರಳು ತೋರಿಸುತ್ತಿದ್ದರು. ಕೂಡ್ರಿ ಅಂದು ತಂಬಿಗೆ ಕೊಟ್ಟೆ. ಗಟಗಟ ಕುಡಿದ. ಕುಡಿದು ನನ್ನ ಬೆಂಚನ್ನು ಈ ತುದಿಯಿಂದ ಆ ತುದಿಯವರೆಗೆ ಕೈಯಿಂದ ಸವರಿದ.

"ಒಂದ ಮಾತು ಹೇಳತೇನಿ, ತಪ್ಪ ತಿಳೀಬ್ಯಾಡ್ರಿ ಅಕ್ಕಾರ" ಅಂದ. "ದಿನಾ ನಿಮ್ಮ ಬೆಂಚ ನೋಡಿ ನನ್ನ ಹೊಟ್ಟಿ ಉರೀತಿತ್ರಿ. ಯಾವಾಗ ನೋಡಿದ್ರೂ ಖಾಲಿ."