ಪ್ಯಾಟಿ ಯಾವ ಕಡೆ?

ಇಲ್ಲಿ ಬರೆಯುವುದರಲ್ಲಿ ಅಲ್ಲಲ್ಲಿ ತಪ್ಪಿರಬಹುದೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ದಿನಚರಿ ಬರೆಯುವವಳು. ಅದಕ್ಕೇ ನೆನಪನ್ನು ನಂಬುವುದಿಲ್ಲ. ಹೋದ ತಿಂಗಳ ಪುಟ ತೆರೆದರೆ ನನಗಿಂತ ಜಾಣೆಯಾದ ಯಾರೋ ಹೆಂಗಸು ನಮ್ಮ ಮನೆಯಲ್ಲಿ ಇದ್ದು ಹೋದಂತೆ ಕಾಣುತ್ತದೆ. ಇಂಥವಳು ಬಾಲ್ಯದಲ್ಲಿ ಬಿಟ್ಟ ಊರಿನ ಭೂಗೋಳ, ಇತಿಹಾಸ ಬರೆಯಲು ಕೂರಲೇಬಾರದಿತ್ತು.

ಕೂರಿಸಿದವಳು ಮಗಳು. ಅಮ್ಮನೋ ಅಪ್ಪನೋ ಬೆಳೆದ ಊರಿನ ಬಗ್ಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಉಪಗ್ರಹದ ನಕ್ಷೆಗಳು ಆಗಷ್ಟೇ ಬಂದಿದ್ದವು. ಕೃಷ್ಣೆಯ ದಂಡೆ ಹಿಡಿದು ಹುಡುಕುತ್ತ ಹೋದೆವು. ನಮ್ಮೂರು ಇರಬೇಕಾದಲ್ಲಿ ಬರೀ ನೀರಿತ್ತು. ಅಣೆಕಟ್ಟಿನ ಹಿನ್ನೀರಿಗೆ ಊರು ಹೋದದ್ದು ನನಗೆ ತಿಳಿಯದ್ದೇನಲ್ಲ. ಆದರೂ ಗುಡಿಯ ಕಳಸವಾದರೂ ಕಂಡೀತೆಂದು ಪರದೆಗೆ ಮೂಗು ತಾಗಿಸಿ ನೋಡಿದೆ. "ಆರ್ ಯು ಶೂರ್, ಅಮ್ಮಾ?" ಎಂದಳು ಮಗಳು. ಲಾಸ್ ಏಂಜಲೀಸಿನ ಅಂಚಿನಲ್ಲಿರುವ ಪೋರ್ಟರ್ ರ್ಯಾಂಚಿನ ನಮ್ಮ ಬೀದಿಗೆ ಅವಳಷ್ಟೇ ವಯಸ್ಸು. ಊರು ಹುಟ್ಟುವುದನ್ನಷ್ಟೇ ಕಂಡವಳಿಗೆ ಅದು ಸಾಯುತ್ತದೆಂದು ಹೇಳಿ ನಂಬಿಸುವುದು ಹೇಗೆ? ನಾನೇ ನಕ್ಷೆ ಬರೆದು ತೋರಿಸುತ್ತೇನೆಂದೆ. ಆಗದಿದ್ದರೆ ಅವಳ ಪಾಲಿಗೆ ನಾನು ಎಲ್ಲಿಂದಲೂ ಬಂದವಳಲ್ಲ.

ಬರೆಯಲು ಬಂದದ್ದು ಇಷ್ಟು: ಬಸ್ ಸ್ಟ್ಯಾಂಡು, ಶಾಲೆ, ಎದುರುಬದುರು ಅಂಗಡಿಗಳ ಪೇಟೆ, ಯಾವನೋ ಸುಲ್ತಾನ ಕಟ್ಟಿಸಿದನೆಂದು ಮಾಸ್ತರರು ಹೇಳುತ್ತಿದ್ದ ಕೋಟೆಯ ಗೋಡೆ. ನಮ್ಮ ಮನೆಯನ್ನು ಎಲ್ಲಿಡಬೇಕೆಂದೇ ಹೊಳೆಯಲಿಲ್ಲ. ಮೂರು ಕಡೆ ಇಟ್ಟು ಮೂರು ಸಲ ಅಳಿಸಿದೆ. ಸರ್ಕಾರ ಒಂದೇ ಸಲ ಸ್ಥಳಾಂತರಿಸಿತ್ತು.

ಕೇಳೋಣವೆಂದರೆ ಉಳಿದವರು ಕಾಕು ಒಬ್ಬರೇ. ನಮ್ಮಪ್ಪನ ತಮ್ಮನ ಹೆಂಡತಿ. ವಾಡೆ ಎನ್ನುತ್ತಿದ್ದ ನಮ್ಮ ಆ ದೊಡ್ಡ ಮನೆಯಲ್ಲಿ ಮೂವತ್ತು ವರ್ಷ ಬಾಳಿ, ಈಗ ಸ್ಯಾನ್ ಡಿಯೇಗೊದಲ್ಲಿ, ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯೊಂದರಲ್ಲಿ ದುಡಿಯುವ ಮಗನ ಜೊತೆ ಇದ್ದಾರೆ. ಶನಿವಾರ ಮಗಳನ್ನು ಕೂರಿಸಿಕೊಂಡು ಡ್ರೈವ್ ಮಾಡಿದೆ. ಟ್ರಾಫಿಕ್ಕಿಗೆ ಸಿಕ್ಕಿ ಫ್ರೀವೇ ಮೇಲೆ ಸುಮ್ಮನೆ ನಿಂತಿದ್ದ ಹೊತ್ತಿನಲ್ಲೇ ನಮ್ಮೂರನ್ನು ನಡೆದು ನಾಲ್ಕು ಸುತ್ತು ಹಾಕಬಹುದಿತ್ತು.

ಕಾಕು ಹಿತ್ತಲ ಬಾಗಿಲಿನಿಂದ ಶುರು ಮಾಡಿದರು. ಬಾವಿ, ಓಣಿ, ಓಣಿಯಲ್ಲಿ ಯಾರ ಮನೆಯ ಒಲೆ ಮೊದಲು ಹೊತ್ತುತ್ತಿತ್ತು, ಹೊಳೆಯ ಮೆಟ್ಟಿಲಲ್ಲಿ ಯಾವ ಕಲ್ಲು ಅಲುಗುತ್ತಿತ್ತು, ಎಲ್ಲವನ್ನೂ ನಿನ್ನೆ ಬಿಟ್ಟುಬಂದವರಂತೆ ಹೇಳಿದರು. ನಾನು ಬರೆದೇ ಬರೆದೆ. ಕೋಟೆಯ ಗೋಡೆ ಕೇಳಿದಾಗ ಮಾತ್ರ ಅವರು ನನ್ನನ್ನೇ ವಿಚಾರಿಸಿದರು: ನಮ್ಮೂರಾಗ ಕ್ವಾಟಿ ಇತ್ತೇನು?

"ಹೋಗ್ಲಿ, ಪ್ಯಾಟಿ ಯಾವ ಕಡೆ ಬರ್ತದ್ರಿ ಕಾಕೂ?"

"ಆ ಕಡೆ."

"ಆ ಕಡೆ ಅಂದ್ರ?"

"ಗದ್ದಲ ಬರೂ ಕಡೆ. ಸಂತಿ ದಿವಸ ಭಾಳ ಬರತಿತ್ತು. ಗಂಡಸರು ಹೋಗತಿದ್ರು, ನೀವು ಹುಡುಗ್ರು ಹೋಗತಿದ್ರಿ. ನನಗೇನವಾ ಕೆಲಸ ಅಲ್ಲಿ?"

ಆಗ ತಿಳಿಯಿತು. ವಾಡೆಯ ಸೊಸೆಯಂದಿರು ಪೇಟೆಗೆ ಹೋಗುತ್ತಿರಲಿಲ್ಲ. ಬಳೆಗಾರ ಅಂಗಳಕ್ಕೆ ಬರುತ್ತಿದ್ದ. ಸೀರೆ ಗಂಟಿನಲ್ಲಿ ಬರುತ್ತಿತ್ತು. ಕಾಕು ಮದುವಣಗಿತ್ತಿಯಾಗಿ ಬಂದಾಗ ಜೀಪಿನಲ್ಲಿ ತಲೆ ತಗ್ಗಿಸಿ ಕೂತಿದ್ದರಂತೆ. ಕಡೆಗೆ ಹೊರಟಾಗಲೂ ಜೀಪೇ. ಕಣ್ಣಲ್ಲಿ ನೀರಿದ್ದದ್ದರಿಂದ ಏನೂ ಕಾಣಲಿಲ್ಲವಂತೆ. ಅವರ ಊರಿನಲ್ಲಿ ಪೇಟೆಯಿಲ್ಲ, ನನ್ನ ಊರಿನಲ್ಲಿ ಹೊಳೆಯಿಲ್ಲ. ಮಕ್ಕಳಾದ ನಮ್ಮನ್ನು ಹೊಳೆಗೆ ಬಿಡುತ್ತಿರಲಿಲ್ಲ. ಇಬ್ಬರದನ್ನೂ ಸೇರಿಸಿದರೂ ಊರು ಆಗಲಿಲ್ಲ; ನಡುವೆ ಅಂಗೈ ಅಗಲ ಖಾಲಿ ಉಳಿಯಿತು. ಅದನ್ನು ತುಂಬಿಸಬಲ್ಲವರು ಯಾರೂ ಈಗ ಬದುಕಿಲ್ಲ.

"ಜಸ್ಟ್ ಪುಟ್ ಎ ಫ್ರೀವೇ ದೇರ್," ಎಂದಳು ಮಗಳು. ಏನಂದಳೆಂದು ಕಾಕು ಕೇಳಿದರು. ಹೇಳಿದೆ.

"ಹಾಕು, ಹಾಕು," ಎಂದು ನಕ್ಕರು. "ನಾ ಅಂತೂ ದಾಟೂದಿಲ್ಲ."

ನಾನೂ ನಕ್ಕೆ. ನಗು ಲಾಸ್ ಏಂಜಲೀಸ್ ತಲುಪುವವರೆಗೂ ಬಾಳಲಿಲ್ಲ. ಮಗಳು ಖಾಲಿ ಜಾಗದಲ್ಲಿ ಆರು ಲೇನುಗಳ ರಸ್ತೆ ಎಳೆದು ಪ್ರಾಜೆಕ್ಟ್ ಒಪ್ಪಿಸಿದಳು. ನಕ್ಷೆ ಬಹಳ ನೈಜವಾಗಿದೆ ಎಂದರಂತೆ ಟೀಚರು.

ಎದುರಿಗೆ ಕೇಳಲು ಧೈರ್ಯ ಸಾಲದ್ದನ್ನು ಸ್ಯಾನ್ ಡಿಯೇಗೊದಿಂದ ಬಂದ ಮರುದಿನವೇ ಫೋನಿನಲ್ಲಿ ಕೇಳಿದ್ದೆ. ಇಷ್ಟು ಓದಿದವಳಾಗಿ ಇನ್ನೊಂದಿಷ್ಟು ಮೆಲ್ಲಗೆ ಕೇಳಬಹುದಿತ್ತು. "ಅಷ್ಟು ವರ್ಷದಾಗ ಒಮ್ಮಿಯಾದ್ರೂ ಆ ಕಡೆ ಹೋಗಿ ನೋಡ್ಬೇಕು ಅನಿಸ್ಲಿಲ್ಲೇನ್ರಿ ಕಾಕೂ?"

ಹಾಲು ಇಟ್ಟೀನಿ, ಉಕ್ಕತದ, ಆಮ್ಯಾಲ ಮಾತಾಡೂಣು ಎಂದು ಕಾಕು ಫೋನ್ ಇಟ್ಟುಬಿಟ್ಟರು. ಅಂದಿನಿಂದ ನಾನು ಆ ಮಾತು ಎತ್ತಿದಾಗಲೆಲ್ಲ ಅವರ ಒಲೆಯ ಮೇಲೆ ಹಾಲಿರುತ್ತದೆ.