ಕಾಕಾ ಕರಡಿಗೆ ಹೇಳಿದ್ದು

ನಮ್ಮ ಕಾಕಾನ ಮೈಗೆ ಇವತ್ತಿನವರೆಗೆ ಒಂದೇ ಒಂದು ಕರಡಿಯ ಉಗುರೂ ತಾಗಿಲ್ಲ. ಇದು ತಮ್ಮ ವಿದ್ಯೆಯ ಮಹಿಮೆ ಎಂದು ಅವರು ಹೇಳುತ್ತಾರೆ. ಕರಡಿಯ ಪುಣ್ಯ ಎಂದು ಚಿಗವ್ವ, ಅಂದರೆ ಅವರ ಹೆಂಡತಿ, ಹೇಳುತ್ತಾಳೆ. ಇಬ್ಬರ ಅನ್ನದ ಋಣವೂ ನನ್ನ ಮೇಲಿರುವುದರಿಂದ ನಾನು ಯಾವ ಪಕ್ಷಕ್ಕೂ ಸೇರಿಲ್ಲ.

ಕಾಕಾನ ಊರು ತಿಳವಳ್ಳಿಯಿಂದ ಆಚೆಗಿದೆ. ಮನೆಯಿಂದ ಹೊರಟು, ಹಳ್ಳ ದಾಟಿ, ಕುರುಚಲು ಕಾಡಿನ ಅಂಚು ಹಿಡಿದು ನಡೆದರೆ ಅವರ ಗೋವಿನಜೋಳದ ಹೊಲ. ಆ ಕಾಡಿನಲ್ಲಿ ಕರಡಿ ಇರುವುದು ಸುಳ್ಳಲ್ಲ. ಬದುವಿನ ಹುತ್ತಗಳನ್ನು ತೋಡಿ ಹೋಗಿರುತ್ತದೆ, ತೆನೆ ಹಾಲುಗಟ್ಟಿದರೆ ಹೊಲಕ್ಕೂ ಇಳಿಯುತ್ತದೆ. ಪಕ್ಕದ ಊರಿನವರೊಬ್ಬರ ಮುಖಕ್ಕೆ ಅದು ಕೈಯಾಡಿಸಿತ್ತು, ಅವರು ಹೊಲಿಗೆ ಹಾಕಿಸಿಕೊಂಡು ಬಂದಿದ್ದರು. ಆ ಮುಖ ನೋಡಿ ಊರವರೆಲ್ಲ ಹೆದರಿದರು. ನಮ್ಮ ಕಾಕಾ ಮಾತ್ರ ಪಂಡಿತರಾದರು!

ಅವರ ಮುಖ್ಯ ಆಯುಧ ಕರಿಯ ಛತ್ರಿ. ಮಳೆಗಾಲ, ಬೇಸಿಗೆ ಎಂಬ ಭೇದವಿಲ್ಲ. ಕರಡಿ ಎದುರಾದರೆ ಅದರ ಮುಖಕ್ಕೆ ಫಟ್ಟನೆ ಛತ್ರಿ ಬಿಚ್ಚಬೇಕಂತೆ. ಇದ್ದಕ್ಕಿದ್ದಂತೆ ಇಷ್ಟು ದೊಡ್ಡದಾದ ಮನುಷ್ಯನನ್ನು ಕಂಡು ಅದು ಹೌಹಾರಿ ಓಡಬೇಕಂತೆ. ಒಂದು ಮುಂಜಾನೆ ಮಂಜಿನಲ್ಲಿ ಹಳ್ಳದ ದಂಡೆಯ ಮೇಲೆ ಕರ್ರಗೆ ಏನೋ ಕೂತಿತ್ತು. ಕಾಕಾ ಹಿಂದೆ ಮುಂದೆ ನೋಡದೆ ಛತ್ರಿ ಬಿಚ್ಚಿದರು. ಕಂಬಳಿ ಹೊದ್ದು ಕೂತಿದ್ದ ಕುರಿ ಕಾಯುವವ ಹೌಹಾರಿ ಎದ್ದು ಓಡಿದ. ಅವನ ಹಿಂದೆ ಕುರಿಗಳೂ ಓಡಿದವು. ಎಲ್ಲಿಗೆ ಅಂತೀರಿ? ನೆಟ್ಟಗೆ ಕಾಕಾನ ಗೋವಿನಜೋಳಕ್ಕೆ! ಆ ವರ್ಷ ಕರಡಿಗೆ ತಿನ್ನಲು ಏನೂ ಉಳಿಯಲಿಲ್ಲ.

"ಏನರ ಹೇಳು, ಓಡಿತಿಲ್ಲೋ?" ಎಂದರು ಕಾಕಾ, ಬಲು ಸಂತೋಷದಿಂದ.

ಇನ್ನು ಹಿರೇಬೆಂಡಿಗೇರಿಯ ಬೀಗರ ಮನೆ ಮದುವೆಯ ಕಥೆ. ಅಲ್ಲಿ ಸುತ್ತಲೂ ಬಯಲು ಹೊಲ. ಕರಡಿ ಬರಬೇಕೆಂದರೆ ಬಸ್ಸು ಹತ್ತಿಯೇ ಬರಬೇಕು! ಆದರೂ ಊಟವಾದ ಮೇಲೆ ಕಾಕಾ ಹಂದರದ ಕೆಳಗೆ ನಾಲ್ಕು ಮಂದಿಯನ್ನು ಕೂಡಿಸಿಕೊಂಡು, "ಕರಡಿ ಮೈಮ್ಯಾಲೆ ಬಿತ್ತಂದ್ರ ಓಡಬ್ಯಾಡ್ರಿ. ಬಕ್ಕಬರ್ಲೆ ಬಿದ್ದು ಮಾರಿ ನೆಲಕ್ಕ ಹಚ್ರಿ, ಎರಡೂ ಕೈಲೆ ಕುತಿಗಿ ಮುಚ್ಚಿಕೊಳ್ರಿ, ಹಿಂಗ!" ಎಂದು ಬಿದ್ದೇಬಿಟ್ಟರು. ಹಿಂದೆ ನಿಂತವರಿಗೆ ಮಾತು ಕೇಳಿಸಿರಲಿಲ್ಲ, ಬಿದ್ದದ್ದು ಕಾಣಿಸಿತು. "ಅಯ್ಯಯ್ಯ, ಹಿರ್ಯಾರಿಗೆ ಏನೋ ಆತು!" ಎಂದರು ಒಬ್ಬರು. ಇನ್ನೊಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಮತ್ತೊಬ್ಬರು ಕೀಲಿಕೈ ಗೊಂಚಲು ತಂದು ಮುಷ್ಟಿಗೆ ತುರುಕಿದರು. ವರನ ತಂದೆ ತಂಬಿಗೆ ನೀರು ಸುರಿದರು. ಕಾಕಾ ಮಿಸುಕಲಿಲ್ಲ.

"ಅಲ್ರೀ ಕಾಕಾ, ಮಂದಿ ಅಷ್ಟ ಒದರಾಕತ್ತಿದ್ರು, ಎದ್ದು ಕುಂಡ್ರಬಾರದೇನ್ರಿ?" ಎಂದು ಆಮೇಲೆ ಕೇಳಿದೆ.

"ಕರಡಿ ಹೋತು ಅಂತ ನನಗ ಯಾರರ ಹೇಳಿದ್ರೇನು?" ಎಂದರು ಕಾಕಾ, ಅಂಗಿ ಹಿಂಡುತ್ತ.

ಇಂಥ ಮಾತುಗಾರ ಮನುಷ್ಯ ಮನೆಯಲ್ಲಿ ತಾಟಿನ ಮುಂದೆ ಕೂತರೆ ಮೂಗ! ಚಿಗವ್ವನ ಕೈರುಚಿ ಎಂಥದ್ದೆಂದರೆ, ದಸರಾ ಸೂಟಿಗೆ ಶಿಗ್ಗಾಂವಿಯಿಂದ ನಾನು ಓಡಿ ಬರುವುದೇ ಅದಕ್ಕೆ. ಆದರೆ ಆ ಊಟವನ್ನು ದಿನಾ ಉಣ್ಣುವ ಪುಣ್ಯಾತ್ಮ ಒಂದು ದಿನವೂ "ಚೊಲೋ ಆಗೇತಿ" ಅಂದದ್ದಿಲ್ಲ. ಚಿಗವ್ವ ಬಂಗಾರ ಕೇಳಲಿಲ್ಲ, ರೇಷ್ಮೆ ಸೀರೆ ಕೇಳಲಿಲ್ಲ. ಈ ಒಂದು ಮಾತು ಕೇಳಬೇಕೆಂದು ಇಷ್ಟು ವರ್ಷ ಕಾದಳು.

ಹೋದ ದಸರೆಯಲ್ಲಿ ಅವಳ ತಾಳ್ಮೆ ತೀರಿತು. ಆ ರಾತ್ರಿ ಬದನೆಕಾಯಿ ಎಣಗಾಯಿ ಮಾಡಿದ್ದಳು. ಗುರೆಳ್ಳಿನ ಪುಡಿ, ಶೇಂಗಾ, ಮೇಲೆ ತೇಲುವ ಎಣ್ಣೆ, ಜೊತೆಗೆ ಕಾವಲಿಯಿಂದ ಆಗಷ್ಟೇ ಇಳಿದ ಬಿಸಿ ರೊಟ್ಟಿ! ನಾನು ಬೆರಳು ಚೀಪುತ್ತಿದ್ದೆ. ಕಾಕಾ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು.

"ಹೆಂಗಾಗೇತ್ರಿ?" ಎಂದಳು ಚಿಗವ್ವ.

"ಏನು?" ಎಂದರು ಕಾಕಾ.

ಅಷ್ಟೇ! ಮುಂಜಾನೆ ಏಳುವುದರೊಳಗೆ ಚಿಗವ್ವನ ಚೀಲ ತಯಾರಾಗಿ ಕಟ್ಟೆಯ ಮೇಲೆ ಕೂತಿತ್ತು. "ನಾ ಬಸ್ಸಿಗೆ ಚಿಕ್ಕೇರೂರಿಗೆ ಹೊಂಟೇನಿ. ನಮ್ಮಕ್ಕನ ಮನ್ಯಾಗ ಇರ್ತೇನಿ. ಅಲ್ಲೆ ಬರೇ ಅಂಬಲಿ ಕಾಸಿದ್ರೂ ಚೊಲೋ ಆಗೇತವ್ವ ಅಂತಾರ. ಇಲ್ಲೆ ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ," ಎಂದಳು. ಮುಖ ನೋಡಿದೆ. ತಮಾಷೆ ಇರಲಿಲ್ಲ. ಯಾವಾಗ ಬರುತ್ತಿ ಎಂದು ಕೇಳಲು ನನಗೇ ಧೈರ್ಯವಾಗಲಿಲ್ಲ.

ಕಾಕಾ "ಹೂಂ" ಎಂದರು. ಚಪ್ಪಲಿ ಮೆಟ್ಟಿ ಹೊಲದ ದಾರಿ ಹಿಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ಮಾತು ಬೈಯೋಣವೆಂದೇ ಬೆನ್ನು ಹತ್ತಿದೆ.

ಹಳ್ಳ ದಾಟಿ ಕಾಡಿನ ಅಂಚಿಗೆ ಬಂದೆವು. ನಾನು ಬಾಯಿ ತೆರೆಯುವುದರೊಳಗೆ ಕಾಕಾ ಮರಗಳ ಕಡೆ ಮುಖ ಮಾಡಿ, ಊರಿಗೆಲ್ಲ ಕೇಳುವಂತೆ ಶುರು ಮಾಡಿದರು. "ಏ ಕರಡೀ! ನಾ ಬರಾಕತ್ತೇನಿ ನೋಡು! ಜೋಡಿ ನಮ್ಮಣ್ಣನ ಮಗಳು ಅದಾಳ!"

"ಯಾರ ಜೋಡಿ ಮಾತಾಡಾಕತ್ತೀರಿ?" ಎಂದೆ, ಗಾಬರಿಯಿಂದ.

"ಸಪ್ಪಳ ಇಲ್ಲದಂಗ ಹೋದ್ರ ಅದು ಬೆದರತೈತವ್ವ. ಬೆದರಿದ್ರ ಮೈಮ್ಯಾಲೆ ಬರತೈತಿ. ಮಾತು ಕೇಳಿದ್ರ ತಾನ ದಾರಿ ಬಿಡತೈತಿ. ನನಗ ಹಾಡಾಕ ಬರಂಗಿಲ್ಲ. ಬರೂ ವಚನಾ ಹಳ್ಳ ದಾಟೂದ್ರಾಗ ಮುಗೀತಾವು. ಅದಕ್ಕ ದಿನಾ ಮಾತಾಡ್ತೇನಿ," ಎಂದವರೇ ಮತ್ತೆ ಮರಗಳ ಕಡೆ ತಿರುಗಿದರು. "ನಿನ್ನೆ ಮನ್ಯಾಗ ಎಣಗಾಯಿ ಮಾಡಿದ್ಲು ನೋಡು! ಏನ್ ಎಣಗಾಯಿ ಅಂತಿ! ಹೊಟ್ಟಿ ತುಂಬಿತ್ತು, ಬಾಯಿ ಬ್ಯಾಡ ಅನ್ನವಲ್ದು. ಮತ್ತೊಂದು ರೊಟ್ಟಿ ಕೇಳಾಕ ನಾಚಿಕಿ ಬಂತು!"

ನಾನು ನಿಂತಲ್ಲೇ ನಿಂತೆ. ದಿನಾ? ಇಷ್ಟು ವರ್ಷ ಚಿಗವ್ವನಿಗೆ ಸೇರಬೇಕಾದದ್ದನ್ನೆಲ್ಲ ಈ ಮನುಷ್ಯ ಕರಡಿಗೆ ಹಂಚಿದ್ದಾನೆಯೇ!

"ಮದುವಿ ಆದ ಹೊಸದಾಗ ಒಮ್ಮೆ ಸಾರು ಚೊಲೋ ಆಗೇತಿ ಅಂದಿದ್ದೆ. ಹೇಣ್ತಿ ಗುಲಾಮ ಅಂತ ಇಡೀ ಮನಿ ಮಂದಿ ನಕ್ಕರು. ಅವತ್ತಿನಿಂದ ಆ ಮಾತಿಗೆ ಬಾಯಿ ಬರಂಗಿಲ್ಲ ನೋಡು. ಈಗ ಚಿಕ್ಕೇರೂರಿಗೆ ಹೊಂಟಾಳ. ಆಕಿ ಇಲ್ಲದ ಮನ್ಯಾಗ ನಾ ಗೋಡಿ ಜೋಡಿ ಮಾತಾಡ್ಲೇನು?"

ಅವಳಿದ್ದಾಗ ಮಾತಾಡಿದ್ದು ಅಷ್ಟರಲ್ಲೇ ಇದೆ ಎಂದು ನಾನು ಹೇಳಬೇಕು, ಅಷ್ಟರಲ್ಲಿ ಹಿಂದಿನ ಕಂಟಿ ಅಲುಗಿತು. ಎಲೆಗಳ ಸಂದಿನಲ್ಲಿ ಕರ್ರಗೆ ಏನೋ ಸರಿಯಿತು. ಕಾಕಾನ ಕೈ ಛತ್ರಿಗೆ ಹೋಯಿತು. ಛತ್ರಿ ಇಲ್ಲ! ಸ್ನಾನ ಮರೆತರೂ ಛತ್ರಿ ಮರೆಯದ ಮನುಷ್ಯ ಅವತ್ತು ಅದನ್ನು ಬಿಟ್ಟು ಬಂದಿದ್ದರು!

ಬಕ್ಕಬರಲು ಬೀಳಬೇಕಿತ್ತು, ಬೀಳಲಿಲ್ಲ. ನನ್ನನ್ನು ಹಿಂದಕ್ಕೆ ದಬ್ಬಿ, ಎರಡೂ ಕೈ ಅಗಲಿಸಿ ನನ್ನ ಮುಂದೆ ನಿಂತರು. ದನಿ ಇಳಿಸಲಿಲ್ಲ. "ಕರಡೀ, ದಾರಿ ಬಿಡು! ಬಸ್ಸು ಬರೂದ್ರಾಗ ನಾ ಮನಿ ಮುಟ್ಟಬೇಕು! ಹೋಗಬ್ಯಾಡ ಅಂತ ಆಕಿಗೆ ಹೇಳಬೇಕು!"

ಕಂಟಿ ಸರಿಯಿತು. ಕರಿಯ ಛತ್ರಿ ಹಿಡಿದುಕೊಂಡು ಚಿಗವ್ವ ಹೊರಗೆ ಬಂದಳು. ಏದುಸಿರು ಬಿಡುತ್ತಿದ್ದಳು. ಸೆರಗಿಗೆ ಮುಳ್ಳು ಮೆತ್ತಿತ್ತು, ಕಣ್ಣು ತುಂಬಿತ್ತು.

"ಛತ್ರಿ ಬಿಟ್ಟು ಬಂದಿದ್ರಿ," ಎಂದಳು.

ಕಾಕಾ ಅಗಲಿಸಿದ ಕೈ ಇಳಿಸುವುದನ್ನೂ ಮರೆತಿದ್ದರು. "ಯಾವಾಗಿಂದ ನಿಂತಿ?"

"ಎಣಗಾಯಿಂದ."

ಅಲ್ಲಿಂದ ಹೊಲದವರೆಗೆ ಒಬ್ಬರೂ ಮಾತಾಡಲಿಲ್ಲ. ಕರಡಿಯ ಕಾಡಿನಲ್ಲಿ ಹಾಗೆ ಸಪ್ಪಳವಿಲ್ಲದೆ ನಡೆಯಬಾರದೆಂದು ಪಾಠ ಹೇಳಿದ ಪಂಡಿತರೇ ತಲೆ ತಗ್ಗಿಸಿಕೊಂಡು ನಡೆದರು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಬಸ್ಸು ಹೋಯಿತು. ಚಿಗವ್ವ ತಿರುಗಿಯೂ ನೋಡಲಿಲ್ಲ.

ಸಂಜೆ ಮತ್ತೆ ರೊಟ್ಟಿ. ಜೊತೆಗೆ ಹೆಸರುಕಾಳಿನ ಪಲ್ಯ. ಕಾಕಾ ಒಂದು ತುತ್ತು ತಿಂದರು, ನೀರು ಕುಡಿದರು, ಕೆಮ್ಮಿದರು. ಅವರ ಹಣೆಯ ಮೇಲೆ ಬೆವರೊಡೆಯಿತು. ಕರಡಿಯೇ ಬಂದಿದ್ದರೂ ಇಷ್ಟು ಬೆವರುತ್ತಿರಲಿಲ್ಲವೇನೋ! ಆಮೇಲೆ ಚಿಗವ್ವನ ಕಡೆ ನೋಡದೆ, ಕಿಟಕಿಯ ಕಡೆ ತಿರುಗಿ, ಹಳ್ಳದಾಚೆಯ ಕಾಡಿಗೂ ಮುಟ್ಟುವ ದನಿಯಲ್ಲಿ ಕೂಗಿದರು: "ಪಲ್ಯ ಚೊಲೋ ಆಗೇತಿ!"

ಹೊರಗೆ ನೆರೆಮನೆಯ ಎಮ್ಮೆ ಬೆಚ್ಚಿ ಎದ್ದು ನಿಂತಿತು. ಚಿಗವ್ವ ಕೈಯಲ್ಲಿದ್ದ ರೊಟ್ಟಿಯನ್ನು ಅವರ ತಾಟಿಗೆ ಹಾಕಿ, ಪಕ್ಕದಲ್ಲೇ ಕೂತಳು.

"ಇಲ್ಲೆ ಕರಡಿ ಇಲ್ರಿ," ಎಂದಳು. "ಸಾವಕಾಶ ಹೇಳ್ರಿ."